ಲೆನ್ಸಿಗೊಂದು ಸೂರು

ನೆರಳು ಕೊಡುವ ಯಾವ ವಸ್ತುವನ್ನೂ ನಾನು ಸರಿಯಾದ ಅಳತೆಯಲ್ಲಿ ಕೊಂಡವನಲ್ಲ. ನನ್ನ ಕೊಡೆ ಒಬ್ಬನಿಗೆ ದೊಡ್ಡದು, ಇಬ್ಬರಿಗೆ ಚಿಕ್ಕದು. ಟೋಪಿ ಇಟ್ಟುಕೊಂಡರೆ ಕಿವಿ ಮಡಚಿಕೊಳ್ಳುತ್ತದೆ. ಮನೆಯ ಮುಂದೆ ಕಾರಿಗೆಂದು ಹಾಕಿಸಿದ ಶೀಟಿನ ನೆರಳು ಬೆಳಿಗ್ಗೆ ಪಕ್ಕದ ಮನೆಯವರ ಸ್ಕೂಟರಿನ ಮೇಲೂ ಸಂಜೆ ರಸ್ತೆಯ ಮೇಲೂ ಬೀಳುತ್ತದೆ. ಕಾರಿಗೆ ಸಿಗುವುದು ನಡುಮಧ್ಯಾಹ್ನ ಸ್ವಲ್ಪ ಹೊತ್ತು, ಅದೂ ಹಿಂದಿನ ಸೀಟಿಗೆ. ಇಂಥವನು ಕ್ಯಾಮೆರಾದ ಲೆನ್ಸಿಗೆ ನೆರಳು ಹುಡುಕಲು ಹೊರಟರೆ ಏನಾಗಬೇಕೋ ಅದೇ ಆಯಿತು. ಆದರೆ ಆ ಸಲ ನನ್ನ ಕೈತಪ್ಪಿ ಹೋಗಲಿದ್ದದ್ದು ಬರೀ ಒಂದು ಫೋಟೋ ಅಲ್ಲ, ನಮ್ಮ ಚಿಕ್ಕಪ್ಪ.

ಲೆನ್ಸ್ ಹುಡ್ ಎಂದರೇನೆಂದು ನಿಮಗೆ ಗೊತ್ತಿರಬಹುದು. ಗೊತ್ತಿಲ್ಲದಿದ್ದರೂ ಇಷ್ಟು ದಿನ ಅದರಿಂದ ನಿಮಗೇನೂ ನಷ್ಟವಾಗಿಲ್ಲ. ಲೆನ್ಸಿನ ಮೂತಿಗೆ ತಿರುಗಿಸಿ ಕೂರಿಸುವ ಒಂದು ಬಳೆ, ಅಥವಾ ಗಿಡ್ಡ ಕೊಳವೆ, ಅಷ್ಟೆ. ಓರೆ ಬಿಸಿಲು ಗಾಜಿಗೆ ಬಡಿದರೆ ಚಿತ್ರ ಪೇಲವವಾಗುತ್ತದೆ, ಮುಖಗಳ ಮೇಲೆ ಬೆಳಕಿನ ದುಂಡು ಕಲೆಗಳು ಏಳುತ್ತವೆ. ಆ ಬಿಸಿಲಿಗೆ ಅಡ್ಡ ನಿಲ್ಲುವುದು ಹುಡ್ಡಿನ ಕೆಲಸ. ನಮ್ಮ ಕಡೆ ಹೊಲದ ಬದುವಿನ ಮೇಲೆ ನಿಂತವರು, ಬಸ್ಸಿಳಿದು ಬರುತ್ತಿರುವುದು ಯಾರಪ್ಪ ಎಂದು ಹುಬ್ಬಿನ ಮೇಲೆ ಅಂಗೈ ಅಡ್ಡ ಹಿಡಿದು ನೋಡುತ್ತಾರಲ್ಲ, ಅದೂ ಹುಡ್ಡೇ. ಬರುತ್ತಿರುವವರು ನಮ್ಮವರೋ ಅಲ್ಲವೋ ಎಂದು ಖಚಿತವಾಗುವವರೆಗೆ ಆ ಕೈ ಕೆಳಗಿಳಿಯುವುದಿಲ್ಲ.

ನಾನು ಅರಸೀಕೆರೆಯಲ್ಲಿ ಪಿಯುಸಿ ಮಕ್ಕಳಿಗೆ ಇತಿಹಾಸ ಪಾಠ ಹೇಳುವವನು. ಫೋಟೋ ತೆಗೆಯುವುದು ನನ್ನ ಚಟ. ಗುಡಿಗಳ ಒಳಛಾವಣಿಯ ಕೆತ್ತನೆ ಪೂರ್ತಿಯಾಗಿ ಸಿಗಲಿ ಎಂದು ಒಂದು ವೈಡ್ ಆ್ಯಂಗಲ್ ಝೂಮ್ ಲೆನ್ಸ್ ಇಟ್ಟುಕೊಂಡಿದ್ದೇನೆ. ಅದು ಒಂದು ತುದಿಯಲ್ಲಿ ಇಡೀ ಊರನ್ನು ಒಳಗೆ ಕರೆದುಕೊಳ್ಳುವ, ಇನ್ನೊಂದು ತುದಿಯಲ್ಲಿ ನಾಲ್ಕೈದು ಜನರಿಗೆ ಮಾತ್ರ ಜಾಗ ಕೊಡುವ ಕಣ್ಣು. ಗುಡಿಯ ಒಳಗಿನ ಕತ್ತಲಿಗೆ ಹುಡ್ ಬೇಕಿರಲಿಲ್ಲವಾದ್ದರಿಂದ ನಾನು ಅದರ ಗೋಜಿಗೇ ಹೋಗಿರಲಿಲ್ಲ. ಹೋಗುವಂತೆ ಮಾಡಿದ್ದು ಒಂದು ಮದುವೆಯ ಆಲ್ಬಂ.

ನನ್ನ ತಂಗಿ ಶೈಲಾಳ ಮದುವೆಯಾಗಿ ಮೂರು ವರ್ಷವಾಯಿತು. ಹಗರೆಯಲ್ಲಿ ರಾಗಿ, ತೆಂಗು, ಎರಡು ಸೀಮೆಹಸು ನೋಡಿಕೊಂಡಿರುವ ಚಂದ್ರಣ್ಣ ಅಪ್ಪನ ಒಬ್ಬನೇ ತಮ್ಮ, ನಮ್ಮ ಚಿಕ್ಕಪ್ಪ. ಮದುವೆಯಲ್ಲಿ ಊಟದ ಉಸ್ತುವಾರಿ ಅವರದು. ನಮ್ಮ ಕಡೆ ಮದುವೆಯಲ್ಲಿ ಯಾರು ನಿಜವಾಗಿ ಮನೆಯವರು ಎಂದು ತಿಳಿಯಬೇಕಾದರೆ ವೇದಿಕೆಯ ಮೇಲೆ ನೋಡಬಾರದು. ಊಟದ ಹಾಲಿನಲ್ಲಿ ಬಕೆಟ್ಟು ಹಿಡಿದವರನ್ನು ನೋಡಬೇಕು. ಫೋಟೋದವನು ‘ಮನೆಯವರೆಲ್ಲ ಬನ್ನಿ’ ಎಂದು ಕೂಗಿದಾಗ ಚಿಕ್ಕಪ್ಪ ಕೊನೆಯ ಪಂಕ್ತಿಗೆ ಸಾರು ಬಡಿಸುತ್ತಿದ್ದರು. ಸುದ್ದಿ ಮುಟ್ಟಿದ್ದೇ ಬಕೆಟ್ಟು ಕೆಳಗಿಡುವುದನ್ನೂ ಮರೆತು ಓಡಿ ಬಂದರು. ಅಷ್ಟರಲ್ಲಿ ಅಪ್ಪ, ಬೀಗರ ಬಸ್ಸು ಹೊರಡುವ ಅವಸರದಲ್ಲಿ, ‘ಸಾಕು ತೆಗೀರಿ, ಬಂದವರು ಬಂದ್ರು’ ಎಂದುಬಿಟ್ಟಿದ್ದರು. ಆಲ್ಬಂ ಬಂತು. ಎರಡು ಪುಟದಗಲಕ್ಕೆ ಹರಡಿದ ಮನೆಮಂದಿಯ ಚಿತ್ರದ ಬಲತುದಿಯಲ್ಲಿ ಒಂದು ಮೊಣಕೈ, ಅರ್ಧ ಬಕೆಟ್ಟು. ಅದೇ ನಮ್ಮ ಚಿಕ್ಕಪ್ಪ.

ಅವರು ಜಗಳವಾಡಲಿಲ್ಲ. ಆಡಿದ್ದರೆ ಎಷ್ಟೋ ಚೆನ್ನಾಗಿತ್ತು. ‘ಬಕೀಟಾದ್ರೂ ಬಂದೈತಲ್ಲ, ಬಿಡು’ ಎಂದು ಆಲ್ಬಂ ಮುಚ್ಚಿ, ಚಪ್ಪಲಿ ಮೆಟ್ಟಿಕೊಂಡು ಹೋದವರು ಮತ್ತೆ ನಮ್ಮ ಮನೆಯ ಹೊಸ್ತಿಲು ತುಳಿಯಲಿಲ್ಲ. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ತಪ್ಪು ತಮ್ಮ ಕಡೆಯಿಂದ ಆಗುತ್ತದೆ ಎಂಬ ಕಲ್ಪನೆ ಅವರ ಸರ್ವಿಸ್ಸಿನಲ್ಲಿ ಬಂದದ್ದಿಲ್ಲ. ‘ಒಂದು ಫೋಟೋಗೆ ಯಾರಾದ್ರೂ ಮುನಿಸ್ಕೋತಾರೇನ್ರೀ?’ ಎಂದು ಕಂಡಕಂಡವರನ್ನು ಕೇಳುತ್ತಿದ್ದರು. ಕೇಳಬೇಕಾದವರನ್ನು ಮಾತ್ರ ಕೇಳಲಿಲ್ಲ. ಅಜ್ಜಿ ಇರುವುದು ಚಿಕ್ಕಪ್ಪನ ಮನೆಯಲ್ಲಿ. ತಾಯಿಯನ್ನು ನೋಡಲು ಹಗರೆಗೆ ಹೋದರೂ ಅಪ್ಪ, ಚಿಕ್ಕಪ್ಪ ಡೇರಿಗೆ ಹಾಲು ಹಾಕಲು ಹೋದ ಹೊತ್ತು ನೋಡಿಕೊಂಡು ಹೋಗಿ, ಅವರು ಬರುವುದರೊಳಗೆ ಎದ್ದು ಬರುತ್ತಿದ್ದರು. ಅಣ್ಣತಮ್ಮಂದಿರು ಆಸ್ತಿಗೆ ಬೇರೆಯಾಗುವುದನ್ನು ಲೋಕ ಕಂಡಿದೆ. ನಮ್ಮ ಮನೆಯಲ್ಲಿ ಬೇರೆಯಾದದ್ದು ಒಂದು ಚಿತ್ರದ ಅಂಚಿಗೆ.

ಹೀಗಿರುವಾಗ ಹಳೇಬೀಡಿನಲ್ಲಿ ಶೈಲಾಳ ಮಗುವಿಗೆ ಹೆಸರಿಡುವ ದಿನ ಬಂತು. ಅವಳೇ ಹಗರೆಗೆ ಹೋಗಿ ಚಿಕ್ಕಪ್ಪನನ್ನು ಕರೆದಳು.

‘ಬತ್ತೀನಿ ಕಣವ್ವ. ನಿನ್ ಮಗೀನ ಹೆಸ್ರಿಗೆ ಬರ್ದೆ ಇರ್ತೀನಾ? ಆದ್ರೆ ಫೋಟೋ ಗೀಟೋ ಅಂತ ಎಳೀಬ್ಯಾಡ’ ಎಂದರಂತೆ. ಇವಳು ಕಣ್ಣಲ್ಲಿ ನೀರು ತಂದುಕೊಂಡ ಮೇಲೆ ಒಂದು ಮೆಟ್ಟಿಲು ಇಳಿದರು: ‘ಸರಿ, ಒಂದೇ ಒಂದು. ಎರಡನೇದು ಅಂದ್ರೆ ನಾನಿರಕಿಲ್ಲ. ಹಾಲು ಕರೆಯೋ ಹೊತ್ಗೆ ಊರಲ್ಲಿರ್ಬೇಕು.’

ಶೈಲಾ ರಾತ್ರಿಯೇ ನನಗೆ ಫೋನು ಮಾಡಿದಳು. ‘ಅಣ್ಣ, ನೀನೇ ತೆಗೀಬೇಕು. ಒಂದೇ ಫೋಟೋ ಕಣಣ್ಣ. ಚಿಕ್ಕಪ್ಪನ ಉಗುರು ಕೂಡ ಕಟ್ಟಾಗಬಾರದು. ಈ ಸಲ ತಪ್ಪಿದ್ರೆ ಮತ್ತೆ ಅವರು ನಮ್ಮವರಾಗೋದಿಲ್ಲ.’

ಅವಳ ಮನೆಯಂಗಳದಲ್ಲಿ ಅಷ್ಟು ಜನ ಹಿಡಿಸುವುದಿಲ್ಲ. ಹಾಗಾಗಿ ಊಟವಾದ ಮೇಲೆ ಎಲ್ಲರೂ ಪಕ್ಕದ ಹುಲಿಕೆರೆಯ ಕಲ್ಯಾಣಿಗೆ ಹೋಗುವುದು, ಅದರ ಕಲ್ಲು ಮೆಟ್ಟಿಲುಗಳ ಮೇಲೆ ಸಾಲಾಗಿ ಕೂರುವುದು ಎಂದಾಯಿತು. ಹೊಯ್ಸಳರ ಕಾಲದ ಆ ಕೊಳದ ಮೆಟ್ಟಿಲುಗಳಷ್ಟು ಒಳ್ಳೆಯ ಗ್ಯಾಲರಿ ಈ ಸುತ್ತಿನಲ್ಲಿ ಇನ್ನೊಂದಿಲ್ಲ. ಸಂಜೆಯ ಓರೆ ಬಿಸಿಲು ಮಾತ್ರ ನನ್ನನ್ನು ಕೊರೆಯತೊಡಗಿತು. ಒಂದೇ ಚಿತ್ರ, ಅದು ಬೆಳಕು ಕುಡಿದು ಬಿಳಿಚಿಕೊಂಡರೆ? ಮರುದಿನವೇ ಹುಡ್ ಕೊಳ್ಳಲು ಹೊರಟೆ. ಸುಮ್ಮನೆ ಒಬ್ಬನೇ ಹೋಗಬಹುದಿತ್ತು. ಅಪ್ಪ ಜೊತೆಗೆ ಬಂದರು.

ಅಂಗಡಿಯವರು ಗಾಜಿನ ಮೇಲೆ ಮೂರು ಬಗೆ ಇಟ್ಟರು. ಒಂದು ಹೂವಿನ ಎಸಳಿನಂತೆ ನಾಲ್ಕು ಕಡೆ ತಗ್ಗಿ ಉಬ್ಬಿದ್ದು, ಇನ್ನೊಂದು ಮಡಚುವ ರಬ್ಬರಿನದು, ಮತ್ತೊಂದು ಕಪ್ಪು ಲೋಹದ ಉದ್ದನೆಯ ಕೊಳವೆ. ‘ನಿಮ್ಮ ಲೆನ್ಸಿಗೆ ಸರಿಹೋಗೋದು ಈ ಎಸಳಿನ ತರಹದ್ದೇ ಸಾರ್, ಆದ್ರೆ ನಿಮ್ಮ ಸೈಜು ಬೆಂಗಳೂರಿಂದ ಬರಬೇಕು, ಎಂಟತ್ತು ದಿನ’ ಎಂದರು. ಹೆಸರಿಡುವುದು ಭಾನುವಾರ. ಅಪ್ಪ ಎಸಳಿನ ಹುಡ್ಡನ್ನು ಎತ್ತಿ, ಕನ್ನಡಕ ಸರಿಮಾಡಿಕೊಂಡು ನೋಡಿದರು.

‘ಇದೇನೋ ಇದು, ಇಲಿ ಕಡಿದ ಹಾಗಿದೆ. ಸೂರು ಅಂದ್ರೆ ಗೋಡೆಗಿಂತ ಒಂದು ಗೇಣು ಮುಂದಕ್ಕೆ ಬರಬೇಕು. ಇಲ್ಲದಿದ್ರೆ ಮೊದಲ ಮಳೆಗೇ ಗೋಡೆ ನೆನೆಯುತ್ತೆ. ಉದ್ದದ್ದೇ ತಗೋ.’

ತಮಾಷೆ ನೋಡಿ, ಸೂರಿನ ವಿಚಾರದಲ್ಲಿ ನಾನೇ ದೊಡ್ಡ ಪಂಡಿತ. ಪ್ರತಿವರ್ಷ ಮಕ್ಕಳನ್ನು ಬೇಲೂರಿಗೆ ಕರೆದುಕೊಂಡು ಹೋಗಿ, ಗುಡಿಯ ಸೂರಿನ ಕೆಳಗೆ ಮುಂದಕ್ಕೆ ಬಾಗಿ ನಿಂತ ಮದನಿಕೆಯರನ್ನು ತೋರಿಸಿ ಇದನ್ನೇ ಹೇಳುತ್ತೇನೆ. ಆ ಸೂರು ಇನ್ನೊಂದಿಷ್ಟು ಗಿಡ್ಡವಾಗಿದ್ದರೆ ಇಷ್ಟು ಶತಮಾನಗಳ ಮಳೆಗೆ ಕನ್ನಡಿ ಹಿಡಿದ ಹುಡುಗಿಯ ಮೂಗು ಉಳಿಯುತ್ತಿರಲಿಲ್ಲ. ಇನ್ನೊಂದಿಷ್ಟು ಚಾಚಿ ಇಳಿಬಿದ್ದಿದ್ದರೆ ಅವಳ ಮುಖವೇ ನಮಗೆ ಕಾಣುತ್ತಿರಲಿಲ್ಲ, ಕೆತ್ತಿದ ಉಪಕಾರವೆಲ್ಲ ಕತ್ತಲಿಗೆ. ಎಷ್ಟು ಬೇಕೋ ಅಷ್ಟೇ ನೆರಳು ಮಕ್ಕಳೇ, ಅದೇ ಶಿಲ್ಪಿಯ ಜಾಣತನ! ಮಕ್ಕಳು ತಲೆದೂಗುತ್ತಾರೆ. ನಾನೂ ದೂಗುತ್ತೇನೆ. ಆಮೇಲೆ ಅರಸೀಕೆರೆಗೆ ಬಂದು ಉದ್ದದ್ದೇ ಕೊಳ್ಳುತ್ತೇನೆ.

ಪರೀಕ್ಷೆ ಮಾಡದೆ ಕೊಂಡೆನೆಂದು ತಿಳಿಯಬೇಡಿ. ಕೊಳವೆಯನ್ನು ತಿರುಗಿಸಿ ಕೂರಿಸಿ, ಝೂಮನ್ನು ಹತ್ತಿರಕ್ಕೆ ಎಳೆದು, ಅಂಗಡಿಯವರನ್ನೂ ಅವರ ಹಿಂದಿನ ಕ್ಯಾಲೆಂಡರನ್ನೂ ಒಂದು ಫೋಟೋ ತೆಗೆದೆ. ಅಚ್ಚುಕಟ್ಟಾಗಿ ಬಂತು. ನನಗೆ ಬೇಕಾಗಿದ್ದದ್ದು ಅಗಲದ ತುದಿ. ನೋಡಿದ್ದು ಕಿರಿದರ ತುದಿ. ಒಂದು ಮುಖ ಸರಿಯಾಗಿ ಬಂದರೆ ಇಡೀ ಮನೆ ಬಂದೀತು ಎಂಬ ಈ ಧೈರ್ಯ ನಮ್ಮ ವಂಶದ್ದೇ ಇರಬೇಕು.

ಭಾನುವಾರ ಚಿಕ್ಕಪ್ಪ ಅಜ್ಜಿಯನ್ನು ಕರೆದುಕೊಂಡು ಬಂದರು. ಮಗುವನ್ನು ಎತ್ತಿಕೊಂಡರು, ಶೈಲಾಳ ಅತ್ತೆ ಮಾವನಿಗೆ ಕೈಮುಗಿದರು, ನನ್ನ ಬೆನ್ನು ತಟ್ಟಿದರು. ಅಪ್ಪ ಕೂತಿದ್ದ ಕಡೆ ಮಾತ್ರ ಗೋಡೆ ಇದೆಯೇನೋ ಎಂಬಂತೆ ನಡೆದುಕೊಂಡರು. ಅಪ್ಪನೂ ದಿನಪತ್ರಿಕೆಯ ಒಂದೇ ಪುಟವನ್ನು ಬಹಳ ಹೊತ್ತು ಓದಿದರು. ಊಟದ ಹೊತ್ತಿಗೆ ನನಗೆ ನಿಜವಾದ ಹೆದರಿಕೆ ಶುರುವಾಯಿತು. ಚಿಕ್ಕಪ್ಪ ಬಕೆಟ್ಟು ಮುಟ್ಟಲಿಲ್ಲ. ನೆಂಟರಂತೆ ಪಂಕ್ತಿಯಲ್ಲಿ ಕೂತು, ಬಡಿಸಿದ್ದನ್ನು ಉಂಡು, ಕೈತೊಳೆದು ಎದ್ದರು. ಅದನ್ನು ಕಂಡು ಶೈಲಾ ನನ್ನ ಕಡೆ ನೋಡಿದ ನೋಟ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಹುಲಿಕೆರೆಯಲ್ಲಿ ಇನ್ನೊಂದು ಪೇಚು. ಪೂರ್ವದ ಮೆಟ್ಟಿಲ ಮೇಲೆ ಕೂರಿಸಿದರೆ ಬಿಸಿಲು ಎಲ್ಲರ ಮುಖಕ್ಕೆ ಬೀಳುತ್ತದೆ, ಫೋಟೋಕ್ಕೆ ಅದೇ ಒಳ್ಳೆಯದು. ಆದರೆ ಅಜ್ಜಿ ಕಣ್ಣಿನ ಪೊರೆ ತೆಗೆಸಿಕೊಂಡಿದ್ದರು. ‘ಬಿಸ್ಲು ಕಡೆ ಮುಖ ಹಾಕಕಾಗಕಿಲ್ಲ ಕಣಪ್ಪ, ನೀರು ಸುರೀತದೆ’ ಎಂದರು. ಆದ್ದರಿಂದ ಪಶ್ಚಿಮದ ಮೆಟ್ಟಿಲುಗಳೇ ಗತಿಯಾದವು. ಸೂರ್ಯ ಅವರ ಬೆನ್ನಿಗೆ, ನನ್ನ ಎದುರಿಗೆ. ನಡುವೆ ನೀರಿದ್ದುದರಿಂದ ನಾನು ಹಿಂದೆ ಸರಿಯುವ ಹಾಗಿಲ್ಲ. ಎದುರು ದಂಡೆಗೆ ಹೋದರೆ ನನ್ನ ಮಾತು ಯಾರಿಗೂ ಕೇಳುವುದಿಲ್ಲ. ನೀರಿನ ಅಂಚಿನ ಮೆಟ್ಟಿಲಿಗೆ ಇಳಿದು, ಲೆನ್ಸನ್ನು ಅದರ ಪೂರ್ತಿ ಅಗಲಕ್ಕೆ ತಿರುಗಿಸಿ ಮೇಲೆ ನೋಡಿದೆ.

ನಡುವೆ ಅಜ್ಜಿ, ಪಕ್ಕದಲ್ಲಿ ಅಪ್ಪ, ತೊಡೆಯ ಮೇಲೆ ಮಗುವಿಟ್ಟುಕೊಂಡು ಶೈಲಾ, ಸುತ್ತಲೂ ಬೀಗರು, ಚಿಕ್ಕಮ್ಮ, ಅಮ್ಮ, ಅತ್ತೆಯಂದಿರು. ಅಜ್ಜಿಯ ಇನ್ನೊಂದು ಪಕ್ಕ ಶೈಲಾ ಜಾಗ ಬಿಡಿಸಿ ಕರೆದಳು. ಚಿಕ್ಕಪ್ಪ ಬರಲಿಲ್ಲ. ಎಲ್ಲರಿಗಿಂತ ಮೇಲಿನ ಮೆಟ್ಟಿಲ ತುದಿಗೆ ಹೋಗಿ ನಿಂತರು.

‘ನಾನು ಇಲ್ಲೇ ನಿಂತ್ಕತೀನಿ. ಬಸ್ಸಿಗೆ ಹೋಗಕೆ ಸಲೀಸು.’

ಕ್ಯಾಮೆರಾದ ಕಿಂಡಿಯಲ್ಲಿ ನೋಡಿದೆ. ಅವರು ಒಳಗಿದ್ದಾರೆ, ಅಂಚಿನಿಂದ ಒಂದಿಷ್ಟು ಜಾಗವೂ ಇದೆ ಎನಿಸಿತು. ಬೆವರಿಗೆ ಕನ್ನಡಕ ಮಂಜಾಗಿತ್ತು, ಅಂಚುಗಳು ಸರಿಯಾಗಿ ಕಾಣುತ್ತಿರಲಿಲ್ಲ. ಉಸಿರು ಹಿಡಿದು ಒತ್ತಿದೆ. ಚಿಕ್ಕಪ್ಪ ಆಗಲೇ ಚಪ್ಪಲಿಗೆ ಕಾಲು ಹಾಕುತ್ತಿದ್ದರು.

ಹಿಂದಿನ ಪರದೆಯಲ್ಲಿ ಚಿತ್ರ ಮೂಡಿತು. ನಾಲ್ಕೂ ಮೂಲೆ ಕಪ್ಪು. ಕೊಳವೆಯೊಳಗಿಂದ ಇಣುಕಿ ನೋಡಿದ ಹಾಗಿತ್ತು. ನಡುವಿನವರೆಲ್ಲ ಚೆನ್ನಾಗಿದ್ದಾರೆ, ಮೇಲಿನ ಬಲಮೂಲೆಯಲ್ಲಿ ಒಂದು ಬಿಳಿ ಷರ್ಟು, ಅದರ ಮೇಲೆ ಏನೂ ಇಲ್ಲ. ಮದುವೆಯ ಫೋಟೋದಲ್ಲಿ ಮೊಣಕೈಯಾದರೂ ಉಳಿದಿತ್ತು, ಈ ಸಲ ತಲೆಯೇ ಹೋಗಿತ್ತು. ಅಗಲವಾಗಿ ನೋಡುವ ಕಣ್ಣಿಗೆ ಉದ್ದ ಸೂರು ಕಟ್ಟಿದರೆ ಅದು ಬಿಸಿಲನ್ನು ತಡೆಯುವ ಮೊದಲು ಮೂಲೆಯಲ್ಲಿದ್ದವರನ್ನು ನುಂಗುತ್ತದೆ. ಎಸಳಿನ ಹುಡ್ಡಿನಲ್ಲಿ ಇಲಿ ಕಡಿದಂತಿದ್ದ ಆ ತಗ್ಗುಗಳು ಅವರಿಗಾಗಿಯೇ ಬಿಟ್ಟ ಜಾಗ.

‘ಬಂತಾ ಅಣ್ಣ?’ ಎಂದಳು ಶೈಲಾ.

ಬಂತು ಎಂದುಬಿಡಲು ನಾಲಿಗೆ ತುದಿಯವರೆಗೆ ಬಂದಿತ್ತು. ಆದರೆ ಇಲ್ಲದ ತಲೆಯನ್ನು ಮನೆಯಲ್ಲಿ ಎಲ್ಲಿಂದ ತಂದು ಅಂಟಿಸಲಿ? ‘ಚಿಕ್ಕಪ್ಪಾ, ಒಂದ್ನಿಮಿಷ’ ಎಂದು ಕರೆದೆ. ಅವರು ಇಳಿದು ಬಂದು, ಪರದೆಗೆ ಅಂಗೈ ಮರೆಮಾಡಿ ನೋಡಿದರು. ನೋಡುತ್ತಲೇ ಇದ್ದರು.

‘ಹೋಗ್ಲಿ ಬಿಡು, ಮಗ. ಕೆಲವರ ಮುಖ ಫೋಟೋಕ್ಕೆ ಒಗ್ಗಕಿಲ್ಲ.’

ಕೋಪವಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರ ದನಿಯಲ್ಲಿ ಕೋಪವಿರಲಿಲ್ಲ, ಅದಕ್ಕೇ ಸಂಕಟವಾಯಿತು.

ಮೇಲಿನಿಂದ ಅಪ್ಪ ಕೇಳಿದರು: ‘ಏನಾಯ್ತೋ?’

‘ಹುಡ್ ಉದ್ದ ಆಯ್ತಪ್ಪ. ಮೂಲೇಲಿದ್ದವರು ಕಾಣ್ತಿಲ್ಲ.’

‘ಮೂಲೇಲಿ ಯಾರಿದ್ರು?’

ಶೈಲಾ ಮೇಲಿನ ಮೆಟ್ಟಿಲ ತುದಿಯ ಕಡೆ ನೋಡಿದಳು. ಅಪ್ಪನೂ ಅತ್ತ ತಿರುಗಿದರು.

ನಾನು ಹುಡ್ ಬಿಚ್ಚಲು ಹೋದೆ. ಬೆರಳಿನ ಬೆವರಿಗೆ ಅದು ಜಾರುತ್ತಿತ್ತು, ಬಿಸಿಲಿಗೆ ಕಾದು ಬಿಗಿದುಕೊಂಡಿತ್ತು. ಪಂಚೆಯ ಅಂಚು ಸುತ್ತಿ ತಿರುಚಿದ ಮೇಲೆ ಕೈಗೆ ಬಂತು. ಕಿಂಡಿಯಲ್ಲಿ ನೋಡಿದರೆ ಈಗ ಇನ್ನೊಂದು ಗ್ರಹಚಾರ: ಬಿಸಿಲು ನೇರವಾಗಿ ಗಾಜಿಗೆ ನುಗ್ಗಿ ಮೆಟ್ಟಿಲ ಮೇಲಿನ ಅಷ್ಟೂ ಜನ ಹಾಲಿನಲ್ಲಿ ಅದ್ದಿದಂತಿದ್ದರು. ನನ್ನ ಎರಡೂ ಕೈ ಕ್ಯಾಮೆರಾಕ್ಕೇ ಬೇಕು. ಯಾರಾದರೂ ಪಕ್ಕದಲ್ಲಿ ನಿಂತು ಲೆನ್ಸಿನ ಮೇಲೆ ಕೈ ಅಡ್ಡ ಹಿಡಿದರೆ ಮಾತ್ರ ಆದೀತು ಎಂದೆ.

‘ನಾನೇ ಹಿಡೀತೀನಿ ಬಿಡು. ನಂಗೆ ಅದೇ ವಾಸಿ’ ಎಂದು ಚಿಕ್ಕಪ್ಪ ಅಲ್ಲೇ ನನ್ನ ಪಕ್ಕಕ್ಕೆ ಬಂದು ಅಂಗೈ ಎತ್ತಿದರು.

ಬಿಸಿಲು ನಿಂತಿತು. ಎಲ್ಲರ ಮುಖವೂ ಕಣ್ಣುಮೂಗಿನ ಸಮೇತ ಸ್ಪಷ್ಟವಾಯಿತು. ಅವರೊಬ್ಬರನ್ನು ಬಿಟ್ಟು. ಕೆಲಸ ಎಂದ ಕೂಡಲೆ ಆ ಕೈ ಮುಂದೆ ಬಂದಿತ್ತು, ಬಕೆಟ್ಟಿಗೆ ಬಂದ ಹಾಗೆಯೇ. ನಾನು ಒತ್ತಲಾರದೆ ನಿಂತೆ. ಶೈಲಾ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ಆಗ ಅಪ್ಪ ಎದ್ದರು. ಮಂಡಿ ನೋವಿನವರು, ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲಿಟ್ಟು ಇಳಿದು ಬಂದರು. ನಮ್ಮೆದುರು ನಿಂತು ತಮ್ಮನ ಕೈಯನ್ನೇ ನೋಡುತ್ತ, ‘ತೆಗಿ ಕೈ’ ಎಂದರು.

‘ಇರ್ಲಿ ಬಿಡಣ್ಣ. ನೀನು ಅವ್ವನ ಪಕ್ದಲ್ಲಿ ಕೂತ್ಕ ಹೋಗು.’ ಮೂರು ವರ್ಷದಲ್ಲಿ ಅವರು ಅಪ್ಪನಿಗೆ ಆಡಿದ ಮೊದಲ ಮಾತು ಅದು.

‘ಅವ್ವನ್ನ ದಿನಾ ನೋಡ್ಕೊಳ್ಳೋನು ನೀನು. ಪಕ್ಕದಲ್ಲಿ ಕೂರೋಕೆ ನಾನಾ?’ ಅಪ್ಪ ಬಿಚ್ಚಿಟ್ಟ ಹುಡ್ಡಿನ ಕಡೆ ಕೈ ತೋರಿದರು. ‘ಆ ಸೂರು ಆರಿಸ್ದೋನು ನಾನು. ಈಗ ನಾನೇ ಹಿಡ್ಕೊಂಡು ನಿಂತ್ಕೋತೀನಿ. ನೀನು ಹೋಗ್ಲಾ.’

ಚಿಕ್ಕಪ್ಪ ಕದಲಲಿಲ್ಲ. ಬಸ್ಸಿನ ಹಾರ್ನ್ ದೂರದಲ್ಲಿ ಕೇಳಿಸಿತು. ಹೊರಟೇಬಿಡುತ್ತಾರೆ ಎಂದುಕೊಂಡೆ. ಮೇಲೆ ಅಜ್ಜಿ ಖಾಲಿಯಾದ ಜಾಗವನ್ನು ಅಂಗೈಯಿಂದ ತಟ್ಟಿದರು.

‘ಬಾರ್ಲಾ ಚಂದ್ರ. ಕಲ್ಲಿನ ಮ್ಯಾಲೆ ಕುಂತು ಕಾಲು ಮರಗಟ್ತಾ ಐತೆ ನಂಗೆ.’

ಅವರು ಹತ್ತಿದರು. ಅಣ್ಣ ಎದ್ದು ಬಂದ ಜಾಗದಲ್ಲಿ, ತಾಯಿಯ ಪಕ್ಕ, ಕೈ ಎಲ್ಲಿಡಬೇಕೆಂದು ತಿಳಿಯದೆ ಮಂಡಿಯ ಮೇಲಿಟ್ಟುಕೊಂಡು ಕೂತರು. ಅಪ್ಪ ಲೆನ್ಸಿನ ಮೇಲೆ ಅಂಗೈ ಚಾಚಿದರು. ನಾನು ಒತ್ತಿದೆ.

‘ಬಂದ್ನಾ?’ ಎಂದರು ಅಪ್ಪ.

‘ಬಂದ್ರಪ್ಪ. ಪೂರ್ತಿ ಬಂದಿದ್ದಾರೆ.’

ಆ ಸಂಜೆ ಹಾಲು ಕರೆಯುವ ಹೊತ್ತು ಮೀರಿತು. ಅಜ್ಜಿಯನ್ನೂ ಚಿಕ್ಕಪ್ಪನನ್ನೂ ಹಗರೆಗೆ ನನ್ನ ಕಾರಿನಲ್ಲೇ ಬಿಟ್ಟೆ, ಅಪ್ಪನೂ ಜೊತೆಗೆ ಬಂದರು. ಹಿಂದಿನ ಸೀಟಿನಲ್ಲಿ ಅಣ್ಣತಮ್ಮಂದಿರು ಅಜ್ಜಿಯ ಆಚೆಗೊಬ್ಬರು ಈಚೆಗೊಬ್ಬರು ಕೂತು, ಈ ಸಲದ ರಾಗಿಯ ವಿಚಾರ ಒಂದೆರಡು ಮಾತಾಡಿದರು. ಹೆಚ್ಚೇನೂ ಇಲ್ಲ. ಮೂರು ವರ್ಷದ ಗಂಟು ಒಂದೇ ಸಲಕ್ಕೆ ಬಿಚ್ಚಿಕೊಳ್ಳುವುದಿಲ್ಲ.

ಮನೆಗೆ ಬಂದು ಕಂಪ್ಯೂಟರಿನಲ್ಲಿ ಚಿತ್ರ ಹಾಕಿ ನೋಡಿದೆ. ಎಲ್ಲರೂ ಇದ್ದರು, ಜೊತೆಗೆ ಇನ್ನೊಂದೂ ಇತ್ತು. ಮೇಲಿನ ಮೂಲೆಯಲ್ಲಿ ಮಸುಕಾದ ನಾಲ್ಕು ಬೆರಳು, ಒಂದರಲ್ಲಿ ಅಪ್ಪನ ಉಂಗುರ. ಅಗಲದ ಲೆನ್ಸು ಯಾರನ್ನೂ ಹೊರಗಿಡುವುದಿಲ್ಲ, ನೆರಳು ಹಿಡಿದವನನ್ನೂ ಒಳಗೆ ಎಳೆದುಕೊಳ್ಳುತ್ತದೆ. ಫೋಟೋ ಬಲ್ಲವರ ಲೆಕ್ಕದಲ್ಲಿ ಇದು ದೋಷ, ಅಂಚು ಕತ್ತರಿಸಿದರೆ ಮುಗಿಯಿತು. ಪ್ರಿಂಟು ಹಾಕಿಸುವ ಮುಂಚೆ ಚಿಕ್ಕಪ್ಪನಿಗೆ ಫೋನು ಮಾಡಿ, ಮೇಲೆ ಒಂದಿಷ್ಟು ಕತ್ತರಿಸುತ್ತೇನೆ ಎಂದೆ.

‘ಮುಟ್ಟೀಯ ಮತ್ತೆ. ನಮ್ಮನೇಲಿ ಫೋಟೋ ಕತ್ರಿಸಿದ್ದು ಸಾಕು’ ಎಂದರು.

ಉದ್ದನೆಯ ಹುಡ್ ಈಗ ಅಮ್ಮನ ಅಡುಗೆಮನೆಯಲ್ಲಿದೆ. ಒಗ್ಗರಣೆಯ ಪುಟ್ಟ ಬಾಣಲೆ ಅದರ ಮೇಲೆ ಅಲುಗದೆ ಕೂರುತ್ತದೆ. ಕೊಂಡದ್ದಕ್ಕೆ ತಕ್ಕ ಲೆನ್ಸು ಕೊನೆಗೂ ಸಿಕ್ಕಿತು. ಆಮೇಲೆ ತರಿಸಲು ಹೇಳಿದ್ದ ಬೆಂಗಳೂರಿನ ಎಸಳಿನ ಹುಡ್ ಬಂದಿದೆ ಎಂದು ಅಂಗಡಿಯವರು ಹೇಳಿಕಳುಹಿಸಿದ್ದಾರೆ. ಹೋಗಿ ತರಬೇಕು, ಈ ಸಲ ಒಬ್ಬನೇ ಹೋಗಬೇಕೆಂದಿದ್ದೆ, ಅಪ್ಪ ಆಗಲೇ ಚಪ್ಪಲಿ ಹಾಕಿಕೊಂಡು ಕೂತಿದ್ದಾರೆ. ಆ ಫೋಟೋದ ಬಗ್ಗೆ ಅವರದು ಒಂದೇ ತಕರಾರು: ಉಂಗುರದ ಹರಳು ಸರಿಯಾಗಿ ಬಂದಿಲ್ಲವಂತೆ.

ಫೋಟೋ ಹಗರೆಯ ಮನೆಯ ನಡುಮನೆಯಲ್ಲಿ, ಬಾಗಿಲಿಗೆ ಎದುರಾಗಿ ತೂಗುತ್ತಿದೆ. ಮೊನ್ನೆ ನಾನು ಹೋದಾಗ ಡೇರಿಯ ಕಡೆಯಿಂದ ಯಾರೋ ಬಂದು ಕೂತಿದ್ದರು. ಚಿತ್ರವನ್ನು ಮೇಲಿಂದ ಕೆಳಗೆ ನೋಡಿ, ‘ಎಲ್ರೂ ಅವ್ರೆ, ನಿಮ್ಮಣ್ಣಾರೇ ಕಾಣಕಿಲ್ವಲ್ಲ ಚಂದ್ರಣ್ಣ?’ ಎಂದರು.

ಚಿಕ್ಕಪ್ಪ ಕಾಫಿ ಲೋಟ ಕೆಳಗಿಟ್ಟು ಎದ್ದರು. ಫೋಟೋದ ಹತ್ತಿರ ಹೋಗಿ, ಮೇಲಿನ ಮೂಲೆಯ ಮಸುಕು ಬೆರಳುಗಳ ಮೇಲೆ ತಮ್ಮ ಬೆರಳಿಟ್ಟರು.

‘ಅಗಾ, ಅಲ್ಲವ್ನೆ ನೋಡು ನಮ್ಮಣ್ಣ. ನಮಗೆಲ್ಲ ನೆರಳು ಹಿಡ್ಕಂಡು ನಿಂತವ್ನೆ.’